ಇಂತಿ ನಿನ್ನ ಹಲಸಿನ ಮರ

ಅಮ್ಮ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವಳ ತಾಳ್ಮೆಯನ್ನೇ ಹೊಗಳಿದರು. ಸಹನಾಮೂರ್ತಿ ಎಂದರು, ತ್ಯಾಗಮಯಿ ಎಂದರು, ಕಷ್ಟವನ್ನೆಲ್ಲ ನುಂಗಿಕೊಂಡು ಬದುಕಿದ ಜೀವ ಎಂದರು. ಕೇಳುತ್ತ ಕೂತ ನನಗೆ ಇವರೆಲ್ಲ ಬೇರೆ ಯಾರದೋ ಮನೆಯ ಸಾವಿಗೆ ಬಂದವರೇನೋ ಅನ್ನಿಸುತ್ತಿತ್ತು. ಅಮ್ಮನಿಗೆ ಕಷ್ಟ ಇರಲಿಲ್ಲವೆಂದಲ್ಲ. ಹನ್ನೆರಡನೇ ವಯಸ್ಸಿಗೆ ಮನೆ, ತೋಟ, ಗದ್ದೆ, ಶಾಲೆ ಸಮೇತ ಇಡೀ ಊರನ್ನೇ ನೀರಿಗೆ ಬಿಟ್ಟು ಎದ್ದು ಬಂದವಳು ಅವಳು. ಆದರೆ ಅವಳ ಪಕ್ಕದಲ್ಲಿ ಅರ್ಧ ಗಂಟೆ ಕೂತವರಿಗೆ ಮೊದಲು ಸಿಗುತ್ತಿದ್ದದ್ದು ಆ ಕಷ್ಟವಲ್ಲ, ಕಿಡಿಗೇಡಿತನ. ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಸತ್ತವರ ಫೋಟೊದ ಮುಂದೆ ಆಡುವ ಮಾತಲ್ಲ ಅದು ಅಂದುಕೊಂಡರೋ ಏನೋ.

ಎಲ್ಲರೂ ಹೋದ ಮೇಲೆ ಬಂದದ್ದು ಅಮ್ಮನ ಬಾಲ್ಯದ ಗೆಳತಿ. ಶಿವಮೊಗ್ಗದ ಆಚೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ರಕ್ತಸಂಬಂಧವಲ್ಲ, ಆದರೂ ನನಗೆ ಬುದ್ಧಿ ಬಂದಾಗಿನಿಂದ ಅವರು ಚಿಕ್ಕಮ್ಮ. ಫೋಟೊದ ಎದುರು ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಥೋ, ಇಂಥಾ ತರಲೆ ಹೆಂಗಸು ಇನ್ನು ನಮ್ಮ ಸೀಮೆಲಿ ಹುಟ್ಟಲ್ಲ ಬಿಡು" ಅಂದರು. ಅಷ್ಟು ಹೊತ್ತೂ ಬಾರದಿದ್ದ ಅಳು ನನಗೆ ಆಗ ಬಂತು. ನನ್ನ ಅಮ್ಮನನ್ನು ನಿಜವಾಗಿ ಬಲ್ಲವರು ಇನ್ನೊಬ್ಬರಿದ್ದಾರೆ ಎಂಬ ಸಮಾಧಾನಕ್ಕೆ ಬಂದ ಅಳು ಅದು.

ಹೊರಡುವಾಗ ಚಿಕ್ಕಮ್ಮ ಹೇಳಿದರು: "ಸೇತುವೆ ಆದ್ಮೇಲೆ ಇಬ್ರೂ ನಡ್ಕೊಂಡೇ ದಾಟಬೇಕು ಅಂತ ಮಾತಾಗಿತ್ತು. ಅವಳು ಮಾತು ತಪ್ಪಿದ್ಲು. ಅವಳ ಬದ್ಲಿಗೆ ನೀನಾದ್ರೂ ಬಾ ಮಾರಾಯ್ತಿ."

ಸೇತುವೆ ಎಂದರೆ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಕಟ್ಟಿದ ಸಿಗಂದೂರು ಸೇತುವೆ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಅದು ಸಂಚಾರಕ್ಕೆ ತೆರೆದುಕೊಂಡದ್ದು 2025ರ ಜುಲೈ 14ರಂದು. ಅಷ್ಟು ಹೊತ್ತಿಗೆ ಅಮ್ಮ ಇರಲಿಲ್ಲ. ಅವಳು ಹೋದ ಚಳಿಗಾಲದಲ್ಲೇ, 2025ರ ಜನವರಿಯಲ್ಲಿ, ಸಾಗರದ ನಾ. ಡಿಸೋಜ ಅವರೂ ಹೋದರು. ಮುಳುಗಡೆಯ ಜನರ ಬದುಕನ್ನು ಕಾದಂಬರಿಗಳಲ್ಲಿ ಬರೆದಿಟ್ಟ, ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿದ ಆ ಹಿರಿಯರೂ ಈ ಸೇತುವೆ ತೆರೆದದ್ದನ್ನು ನೋಡಲಿಲ್ಲ. ಆಚೆ ದಡದ ಜನ ದಶಕಗಳ ಕಾಲ ಕೇಳುತ್ತ ಬಂದದ್ದು ಬಂದು ಮುಟ್ಟುವಾಗ ಕೇಳಿದವರಲ್ಲಿ ಎಷ್ಟೋ ಮಂದಿ ಹೊರಟುಹೋಗಿದ್ದರು.

ಮಳೆ ಪೂರ್ತಿ ಬಿಟ್ಟ ಮೇಲೆ ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು ಹತ್ತಿದೆ. ಇನ್ನೂ ಕತ್ತಲಿರುವಾಗಲೇ ಶಿವಮೊಗ್ಗ ಬಂತು. ಪ್ಲಾಟ್‌ಫಾರ್ಮಿನಲ್ಲಿ ಚಿಕ್ಕಮ್ಮ ಉಣ್ಣೆಯ ಶಾಲು ಹೊದ್ದು, ಕೈಯಲ್ಲಿ ಬಿಸ್ಕತ್ತಿನ ಹಳೇ ತಗಡಿನ ಡಬ್ಬಿಯೊಂದನ್ನು ಹಿಡಿದು ನಿಂತಿದ್ದರು. ಡಬ್ಬಿಯಲ್ಲೇನು ಎಂದು ಕೇಳಿದ್ದಕ್ಕೆ, "ಬೆಳಕಾಗ್ಲಿ, ಓದಕ್ಕೆ ಬೆಳಕು ಬೇಕು" ಅಂದರು.

ಈ ಹಳಿ ಅಮ್ಮನ ಆಟದ ಬಯಲು. ಮೀಟರ್ ಗೇಜ್ ಇದ್ದ ಕಾಲದಲ್ಲಿ ಇದರ ಮೇಲೆ ರೈಲ್ ಬಸ್ ಓಡುತ್ತಿತ್ತು. ಬಸ್ಸಿಗೆ ರೈಲಿನ ಗಾಲಿ ಹಾಕಿದ ಹಾಗಿದ್ದ ಅದರಲ್ಲಿ ಕೂರುವುದೇ ನನಗೆ ಹಬ್ಬ. ಕಾಡಿನ ನಡುವೆ ಅರಸಾಳು ನಿಲ್ದಾಣ ಬಂದ ಕೂಡಲೇ ಅಮ್ಮ ನೆಟ್ಟಗೆ ಕೂರುತ್ತಿದ್ದಳು. ಶಂಕರನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ನಿಲ್ದಾಣ ಅದು. ಈಗ ಅಲ್ಲಿಯ ಹಳೇ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಎದುರು ಸೀಟಿನಲ್ಲಿ ಯಾರೇ ಇರಲಿ, ಅಮ್ಮ ಕಿಟಕಿಯಾಚೆ ಬೆರಳು ತೋರಿಸಿ, "ಅಲ್ಲಿ ತಾಮ್ರದ ಕೊಡ ಹಿಡ್ಕೊಂಡು ಹಿಂದೆ ನಿಂತಿದ್ದ ಹೆಂಗ್ಸು ನಾನೇ. ಮುಖ ಸರಿಯಾಗಿ ಬಂದಿಲ್ಲ, ಶಂಕರನಾಗ್ ಆಮೇಲೆ ಬೇಜಾರು ಮಾಡ್ಕೊಂಡ್ರು" ಎಂದು ಹೇಳುತ್ತಿದ್ದಳು. ಶೂಟಿಂಗಿನ ದಿನಗಳಲ್ಲಿ ಅವಳು ಬೆಂಗಳೂರಿನಲ್ಲಿ ನನ್ನನ್ನು ಎತ್ತಿಕೊಂಡು ಓಡಾಡುತ್ತಿದ್ದಳು. ಹೀಗೆ ಹೇಳಿದ್ದರಿಂದ ಅವಳಿಗೆ ಸಿಗುತ್ತಿದ್ದದ್ದು ಎದುರಿನವರ ಅರಳಿದ ಕಣ್ಣು ಮಾತ್ರ. ಇಳಿಯುವ ಮುಂಚೆ ಸುಳ್ಳೆಂದು ಒಪ್ಪಿಕೊಂಡೇ ಇಳಿಯುತ್ತಿದ್ದಳು, ಅಷ್ಟರಲ್ಲಿ ಅವರ ಊರು, ಮಗಳ ಮದುವೆ, ಮಂಡಿನೋವು ಎಲ್ಲವೂ ಅವಳಿಗೆ ಗೊತ್ತಾಗಿರುತ್ತಿತ್ತು. ಕೆಲವರು ಹಬ್ಬಕ್ಕೆ ಕರೆದು ಕಾಗದವನ್ನೂ ಬರೆದಿದ್ದರು.

ಅರಸಾಳು ದಾಟಿದ ಮೇಲೆ ಬೆಳಕು ಹರಿಯಿತು. ಚಿಕ್ಕಮ್ಮ ಡಬ್ಬಿ ತೆರೆದರು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಪೋಸ್ಟ್ ಕಾರ್ಡುಗಳ ಕಟ್ಟು. ಅಂಚನ್ನು ಹುಳ ತಿಂದಿತ್ತು, ನೀಲಿ ಶಾಯಿ ಕಂದಿತ್ತು. ಮೇಲಿನ ಕಾರ್ಡನ್ನು ನನ್ನ ಕೈಗಿಟ್ಟರು. ದುಂಡಗಿನ ಮಕ್ಕಳ ಅಕ್ಷರ.

"ನಾನು ಇಲ್ಲಿ ಕ್ಷೇಮ. ಮಳೆಗಾಲವಾದ್ದರಿಂದ ನೀರು ಬಹಳ ಇದೆ, ಆದರೆ ಶೀತ ಆಗಿಲ್ಲ. ಈ ವರ್ಷ ಹಣ್ಣು ಚೆನ್ನಾಗಿ ಬಿಟ್ಟಿದ್ದೇನೆ. ಕೊಯ್ಯುವವರಿಲ್ಲ. ಮೀನುಗಳು ತಿಂದು ಹೊಟ್ಟೆ ಕೆಡಿಸಿಕೊಂಡಿವೆ. ನೀನು ಕದಿಯಲು ಬರುತ್ತಿಲ್ಲವಾದ್ದರಿಂದ ಬೇಸರ. ಇಂತಿ ನಿನ್ನ ಹಲಸಿನ ಮರ."

ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅಮ್ಮನ ಕೈಬರಹವೇ. ಈ ಕಾರ್ಡುಗಳ ವಿಷಯವನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ.

ಊರು ಬಿಟ್ಟಾಗ ಇಬ್ಬರಿಗೂ ಹನ್ನೆರಡು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿ, ನಡುದಾರಿಯಲ್ಲಿ ನಿಂತು ಹಿಂದಕ್ಕೆ ಹಬ್ಬಿತು. ಕಣಿವೆಯ ಗದ್ದೆ, ಅಡಿಕೆ ತೋಟ, ದೇವಸ್ಥಾನ, ಬನ ಎಲ್ಲದರ ಮೇಲೂ ನೀರು ಬಂತು. ಮನೆಯ ಹಂಚು, ತೊಲೆ, ಬಾಗಿಲು ಕಿತ್ತು ಲಾರಿಗೆ ಹಾಕಿದರು, ದನಗಳನ್ನು ನಡೆಸಿಕೊಂಡು ಹೋದರು. ಅಮ್ಮನ ಮನೆಯವರಿಗೆ ಸಿಕ್ಕಿದ ಜಾಗ ಒಂದು ಕಡೆ, ಚಿಕ್ಕಮ್ಮನ ಮನೆಯವರದು ಇನ್ನೊಂದು ಕಡೆ. ಇಬ್ಬರೂ ಒಂದೇ ಹಲಗೆಯ ಮೇಲೆ ಕೂತು ಓದಿದವರು, ಶಾಲೆಯ ಹಿಂದಿನ ಹಲಸಿನ ಮರದ ಹಣ್ಣನ್ನು ಒಟ್ಟಿಗೆ ಕದ್ದವರು. ಹೊಸ ಊರಿಗೆ ಬಂದ ಚಿಕ್ಕಮ್ಮ ಉಣ್ಣುತ್ತಿರಲಿಲ್ಲವಂತೆ, ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದರಂತೆ. ಆಗ ಬಂದದ್ದು ಈ ಕಾರ್ಡು.

"ಅಪ್ಪಯ್ಯ ಓದಿ, ಯಾರೋ ಹುಚ್ಚರು ಬರ್ದಿದಾರೆ ಅಂದ್ರು. ನನಗೆ ನಗು ತಡಿಯಕ್ಕಾಗಲಿಲ್ಲ. ನಗ್ತಾ ನಗ್ತಾ ಹಸಿವಾಯ್ತು" ಅಂದರು ಚಿಕ್ಕಮ್ಮ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಶಾಲೆಯ ಗಂಟೆ ಬರೆಯಿತು: ನನ್ನನ್ನು ಬಾರಿಸುವವರಿಲ್ಲದೆ ಸುಖವಾಗಿದ್ದೇನೆ, ಮೇಷ್ಟರಿಗೆ ತಿಳಿಸಬೇಡ. ಬಟ್ಟೆ ಒಗೆಯುವ ಕಲ್ಲು ಬರೆಯಿತು: ಮೊದಲು ನೀನು ನನ್ನ ಮೇಲೆ ನೀರು ಹೊಯ್ಯುತ್ತಿದ್ದೆ, ಈಗ ಆ ತೊಂದರೆ ತೆಗೆದುಕೊಳ್ಳುವುದು ಬೇಡ. ಚಿಕ್ಕಮ್ಮನ ಮದುವೆಗೆ ಊರಿನ ಹೊಳೆಯೇ ಆಶೀರ್ವಾದ ಕಳಿಸಿತ್ತು, ಬರಲಾಗುತ್ತಿಲ್ಲ, ಬಂದರೆ ಚಪ್ಪರ ಉಳಿಯುವುದಿಲ್ಲ ಎಂದು. ಮೊದಲ ಮಗು ಹುಟ್ಟುತ್ತಲೇ ಹೋದಾಗ ಬಂದ ಕಾರ್ಡು ಮಾತ್ರ ಬೇರೆ. ಅದರಲ್ಲಿ ಹಲಸಿನ ಮರ ಏನೂ ತಮಾಷೆ ಮಾಡಿರಲಿಲ್ಲ. ನಾನೂ ನೀರಲ್ಲಿ ನಿಂತಿದ್ದೇನೆ, ನಿಂತೇ ಇದ್ದೇನೆ ಎಂದಷ್ಟೇ ಬರೆದಿತ್ತು. ಆ ಕಾರ್ಡನ್ನು ಚಿಕ್ಕಮ್ಮ ನನ್ನ ಕೈಗೆ ಕೊಡಲಿಲ್ಲ, ತಾವೇ ಹಿಡಿದು ತೋರಿಸಿ ಒಳಗಿಟ್ಟರು.

ಸಾಗರದಲ್ಲಿ ಇಳಿದು ಹೋಟೆಲೊಂದರಲ್ಲಿ ನೀರುದೋಸೆ ತಿಂದು ಜೀಪು ಗೊತ್ತುಮಾಡಿದೆವು. ದಾರಿಗೆ ಇಕ್ಕೇರಿ. ಕೆಳದಿ ಅರಸರ ಕಾಲದ ಅಘೋರೇಶ್ವರ ದೇವಸ್ಥಾನದ ಎದುರು ದೊಡ್ಡ ಬಸವ ಕೂತಿದೆ. ಅಮ್ಮ ಅದರ ಕಿವಿಯಲ್ಲಿ ಗಂಟೆಗಟ್ಟಲೆ ಗುಸುಗುಸು ಹೇಳಿ, ಏನು ಹೇಳಿದೆ ಎಂದು ಕೇಳಿದರೆ "ನಿನ್ನ ಮೇಲೆ ಚಾಡಿ" ಅನ್ನುತ್ತಿದ್ದಳು. ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಚಿಕ್ಕಮ್ಮನಿಗೆ ನೀರು ನೋಡುವ ಅವಸರ.

ಅಂಬಾರಗೋಡ್ಲು ಹತ್ತಿರವಾಗುತ್ತಿದ್ದಂತೆ ನನಗೆ ನೆನಪಾದದ್ದು ಲಾಂಚು. ಹೊಳೆಬಾಗಿಲಿನ ಆ ಲಾಂಚಿನಲ್ಲಿ ಬಸ್ಸು, ಜೀಪು, ಬೈಕು, ಸಿಗಂದೂರು ಚೌಡೇಶ್ವರಿಗೆ ಹೊರಟ ಭಕ್ತರು, ತುಮರಿಯ ಸಂತೆ ಚೀಲಗಳು, ಕಾಲೇಜಿಗೆ ಹೋಗಿಬರುವ ಮಕ್ಕಳು ಎಲ್ಲವೂ ಒಟ್ಟಿಗೆ ದಾಟಬೇಕಿತ್ತು. ದಾಟುವುದಕ್ಕಿಂತ ಕಾಯುವುದೇ ಹೆಚ್ಚು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆ ರಾತ್ರಿ ಈ ದಡದಲ್ಲೇ. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುವುದೇ ಕಷ್ಟ. ಹೆರಿಗೆ ನೋವು, ಹಾವು ಕಡಿತ, ಎದೆನೋವು ಲಾಂಚಿನ ಸಮಯ ನೋಡಿಕೊಂಡು ಬರುವುದಿಲ್ಲ. ಆಚೆ ದಡದ ಕರೂರು, ಭಾರಂಗಿ ಹೋಬಳಿಯ ಜನ ಅರವತ್ತು ವರ್ಷ ಹೀಗೇ ಬದುಕಿದರು. ಪ್ರವಾಸಿಗಳಿಗೆ ಲಾಂಚು ಚಂದದ ವಿಹಾರವಾಗಿತ್ತು. ಇಲ್ಲಿಯವರಿಗೆ ಅದು ಒಂದು ಬೀಗ. ಲಾಂಚಿನ ಮಜ ಹೋಯಿತು ಎಂದು ಕೊರಗುವವರನ್ನು ಕಂಡರೆ ಅದಕ್ಕೇ ನನಗೆ ಸಿಟ್ಟು ಬರುತ್ತದೆ.

ಆ ಲಾಂಚಿನಲ್ಲಿ ಅಮ್ಮ ಒಮ್ಮೆ ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ವಾಹನಗಳೆಲ್ಲ ಹತ್ತಿ, ಜನ ತುಂಬಿ, ಇನ್ನೇನು ಹೊರಡಬೇಕು. ದೂರದ ಊರಿನಿಂದ ಬಂದ ಒಂದು ದೊಡ್ಡ ಗುಂಪು ಪ್ರಯಾಣದ ಆಯಾಸದಲ್ಲಿ ಒಬ್ಬರ ಮೇಲೊಬ್ಬರು ಸಿಡುಕುತ್ತಿತ್ತು. ಅಮ್ಮ ಅವರ ಮಧ್ಯೆ ಹೋಗಿ ನಿಂತು ಗಂಭೀರವಾಗಿ ಹೇಳಿದಳು: "ಹೊಸಬರು ಇದ್ರೆ ಒಂದು ಹಾಡು ಹೇಳ್ಬೇಕು. ಹಾಡದೆ ಲಾಂಚು ಹೊರಡಲ್ಲ. ಮೊದ್ಲಿಂದ ಬಂದ ಪದ್ಧತಿ." ಅವರು ನಂಬದೆ ಲಾಂಚಿನ ಚಾಲಕನ ಮುಖ ನೋಡಿದರು. ಅವನು ಅಮ್ಮನನ್ನು ಬಲ್ಲವನು. ಚುಕ್ಕಾಣಿ ಬಿಟ್ಟು ಕೈಕಟ್ಟಿ ನಿಂತುಬಿಟ್ಟ. ಕೊನೆಗೆ ಗುಂಪಿನ ಅಜ್ಜಿಯೊಬ್ಬರು ಹರಿದ ದನಿಯಲ್ಲಿ ದೇವರನಾಮ ಎತ್ತಿಕೊಂಡರು. ಹಿಂದಿನಿಂದ ಹುಡುಗರು ಸಿನಿಮಾ ಹಾಡು ಶುರುಮಾಡಿದರು. ಆಚೆ ದಡ ಮುಟ್ಟುವ ಹೊತ್ತಿಗೆ ಕಂಡಕ್ಟರು ಕೂಡ ಹಾಡುತ್ತಿದ್ದ. ಇಳಿದ ಮೇಲೆ ನಾನು ಅವಳನ್ನು ಯಾಕೆ ಹೀಗೆ ಮಾಡಿದೆ ಎಂದು ಕೇಳಿದ್ದೆ. "ನಮ್ಮೂರುಗಳ ಮೇಲೆ ಹೋಗ್ತಿದೀವಿ, ಮುಖ ಗಂಟುಹಾಕ್ಕೊಂಡು ಹೋಗ್ಬಾರ್ದು. ಕೆಳಗಿದ್ದವ್ರಿಗೆ ಒಂದು ಹಾಡಾದ್ರೂ ಕೇಳ್ಲಿ" ಅಂದಿದ್ದಳು.

ಸೇತುವೆಯ ಈ ತುದಿಯಲ್ಲಿ ಜೀಪು ಇಳಿದೆವು. ಎತ್ತರದ ಕಂಬಗಳಿಂದ ಬೀಸಿದ ಬಿಗಿಯಾದ ಕೇಬಲ್ಲುಗಳು, ಕೆಳಗೆ ಕಣ್ಣು ಹಾಯಿಸಿದಷ್ಟೂ ನೀರು, ನೀರಿನ ನಡುವೆ ಗುಡ್ಡದ ತಲೆಗಳು. ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಈ ಸೀಮೆಯಲ್ಲಿ ಆ ಅಂಕಿ ಮಕ್ಕಳಿಗೂ ಬಾಯಿಪಾಠ. ಯಾರ ತೋಟ ಉಳಿಯಿತು, ಯಾರದು ಹೋಯಿತು ಎಂಬುದನ್ನು ತೀರ್ಮಾನಿಸಿದ ಅಂಕಿಯಲ್ಲವೇ?

ಚಿಕ್ಕಮ್ಮ ಕವಳ ಹಾಕಿಕೊಂಡೇ ನಡೆಯಲು ಶುರುಮಾಡಿದರು. ಸ್ವಲ್ಪ ದೂರ ಹೋಗಿ ನಿಂತು, ಡಬ್ಬಿಯಿಂದ ಕಟ್ಟಿನ ಕೊನೆಯ ಕಾರ್ಡು ತೆಗೆದು ನನಗೆ ಕೊಟ್ಟರು. ಇದು ಬಿಳಿಯಾಗಿಯೇ ಇತ್ತು. ಸೇತುವೆಯ ಕೆಲಸ ನಡೆಯುತ್ತಿದ್ದಾಗ ಬರೆದದ್ದು. ಅಕ್ಷರ ನಡುಗಿತ್ತು.

"ಇತ್ತೀಚೆಗೆ ನಿದ್ದೆ ಇಲ್ಲ. ಯಾರೋ ನೀರಲ್ಲಿ ಕಂಬ ನೆಡುತ್ತಿದ್ದಾರೆ. ಇಷ್ಟು ವರ್ಷ ಯಾರೂ ನಮ್ಮ ಕಡೆ ತಿರುಗಿ ನೋಡಿರಲಿಲ್ಲ, ಈಗ ಒಮ್ಮೆಗೇ ಇಷ್ಟು ಗಲಾಟೆ. ಮುಗಿದ ಮೇಲೆ ನೀವಿಬ್ಬರೂ ನಡೆದು ದಾಟುತ್ತೀರಂತೆ, ಕೇಳಿ ಸಂತೋಷ. ಒಂದೇ ಬೇಡಿಕೆ. ಮೇಲಿಂದ ಕವಳ ಉಗುಳಬೇಡ. ಅದು ತೇಲಿಕೊಂಡು ನನ್ನ ಬುಡಕ್ಕೇ ಬರುತ್ತದೆ. ಇಂತಿ ನಿನ್ನ ಹಲಸಿನ ಮರ."

ಓದಿ ಮುಗಿಸಿ ತಲೆಯೆತ್ತಿದರೆ ಚಿಕ್ಕಮ್ಮ ಕವಳ ತುಂಬಿದ ಬಾಯನ್ನು ಬಿಗಿಯಾಗಿ ಮುಚ್ಚಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಳಸವಳ್ಳಿಯ ದಡ ಮುಟ್ಟುವವರೆಗೂ ಅವರು ಉಗುಳಲಿಲ್ಲ. ಹಾಗಾಗಿ ಅಷ್ಟು ದೂರವೂ ಒಂದು ಮಾತೂ ಆಡಲಾಗಲಿಲ್ಲ. ಅಮ್ಮ ಈ ಗೆಳತಿಯ ಬಾಯಿ ಮುಚ್ಚಿಸಲು ಬದುಕಿಡೀ ಪ್ರಯತ್ನಪಟ್ಟಿದ್ದಳು. ಆ ದಿನ ಗೆದ್ದಳು.

ಆಚೆ ದಡದ ಚಹಾದಂಗಡಿಯ ಬೆಂಚಿನ ಮೇಲೆ ಕೂತಾಗ ಮಾತಿನ ಕಟ್ಟೆ ಒಡೆಯಿತು. ನಾನೂ ನನ್ನ ಪಾಲಿನದನ್ನು ಹೇಳಿದೆ. ಕಾಲೇಜಿನಲ್ಲಿದ್ದಾಗ ಅಮ್ಮ ನಡು ತರಗತಿಯಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದ ಕತೆ. ಅವಳೇ ರಜಾಚೀಟಿ ಬರೆದುಕೊಟ್ಟಿದ್ದಳು: ಮನೆಗೆ ನೀರು ನುಗ್ಗಿರುವ ಕಾರಣ ಮಗಳನ್ನು ಕಳುಹಿಸಿಕೊಡಬೇಕಾಗಿ ವಿನಂತಿ. ಉಪನ್ಯಾಸಕರು ಗಾಬರಿಯಾಗಿ ಆಟೊ ಹಿಡಿದುಕೊಡಲು ಬಂದಿದ್ದರು. ಆಟೊ ನೇರವಾಗಿ ಹೋದದ್ದು ಚಿತ್ರಮಂದಿರಕ್ಕೆ. ಗಿರೀಶ ಕಾಸರವಳ್ಳಿಯವರ 'ದ್ವೀಪ' ಬಂದಿತ್ತು. ನಾ. ಡಿಸೋಜ ಅವರ ಕಾದಂಬರಿಯಿಂದ ಮಾಡಿದ ಚಿತ್ರ, ಸೌಂದರ್ಯ ನಟಿಸಿ ತಾವೇ ನಿರ್ಮಿಸಿದ್ದು. ಏರುವ ನೀರಿನ ನಡುವೆ ಮನೆ ಬಿಡದೆ ಉಳಿದವರ ಕತೆ. ತೆರೆಯ ಮೇಲೆ ಮಳೆ ಸುರಿಯುತ್ತಿದ್ದಷ್ಟು ಹೊತ್ತೂ ಅಮ್ಮ ನನ್ನ ಮುಂಗೈ ಹಿಡಿದೇ ಇದ್ದಳು. ಹೊರಬಂದ ಮೇಲೆ, "ರಜಾಚೀಟೀಲಿ ನಾನು ಸುಳ್ಳು ಬರ್ದಿಲ್ಲ, ಅಲ್ವಾ?" ಎಂದು ಕೇಳಿದಳು. ನನ್ನ ಜೊತೆ ಕಾಲೇಜಿಗೆ ಚಕ್ಕರ್ ಹೊಡೆದ ಗೆಳತಿಯರಲ್ಲಿ ಅವಳಿಗೇ ಮೊದಲ ಸ್ಥಾನ.

ಚಿಕ್ಕಮ್ಮ ಇದನ್ನು ಕೇಳಿ ತೊಡೆ ತಟ್ಟಿ ನಕ್ಕರು. ಆಮೇಲೆ, "ಖಾರದ ಕಡುಬಿನ ಗುಟ್ಟು ನಿಂಗೆ ಹೇಳಿದ್ಲಾ?" ಎಂದರು.

ನಾಗರಪಂಚಮಿಗೆ ನಮ್ಮ ಮನೆಯಲ್ಲಿ ಅರಿಶಿನ ಎಲೆಯ ಕಡುಬು. ಕಾಯಿ, ಬೆಲ್ಲ, ಏಲಕ್ಕಿಯ ಹೂರಣ. ಅಷ್ಟು ಕಡುಬಿನಲ್ಲಿ ಒಂದಕ್ಕೆ ಮಾತ್ರ ಅಮ್ಮ ಬೆಲ್ಲದ ಬದಲು ಸೂಜಿಮೆಣಸು ಅರೆದು ತುಂಬುತ್ತಿದ್ದಳು. ಯಾರ ಎಲೆಗೆ ಅದು ಬೀಳುತ್ತದೋ ಅವರು ಕಿರುಚುತ್ತ ಏಳಬೇಕು, ಉಳಿದವರು ಕೂಗಾಡಿ ನಗಬೇಕು. ನಿಯಮವೆಂದರೆ, ಖಾರದ ಕಡುಬು ಸಿಕ್ಕವರು ಆ ದಿನ ಅಮ್ಮನನ್ನು ಏನು ಬೇಕಾದರೂ ಕೇಳಬಹುದು, ಅವಳು ಇಲ್ಲವೆನ್ನುವಂತಿಲ್ಲ. ನಾವು ಮಕ್ಕಳು ಅದು ನಮಗೇ ಬೀಳಲಿ ಎಂದು ದೇವರಿಗೆ ಹರಕೆ ಹೊರುತ್ತಿದ್ದೆವು. ಅದೃಷ್ಟದ ಆಟ ಅಂದುಕೊಂಡೇ ನಾನು ಬೆಳೆದೆ.

"ಅದೃಷ್ಟ ಎಂತದ್ದು! ಆ ಎಲೆಗೆ ಬಾಳೆನಾರು ಸುತ್ತಿ ಗುರುತು ಮಾಡ್ತಿದ್ಲು. ಯಾರಿಗೆ ಬಡಿಸ್ಬೇಕು ಅಂತ ಹಿಂದಿನ ದಿನವೇ ಯೋಚ್ನೆ ಮಾಡಿರ್ತಿದ್ಲು" ಅಂದರು ಚಿಕ್ಕಮ್ಮ.

ನಾನು ಒಂದೊಂದೇ ವರ್ಷ ನೆನಪು ಮಾಡಿಕೊಂಡೆ. ಪರೀಕ್ಷೆಯಲ್ಲಿ ನಪಾಸಾಗಿ ಅಪ್ಪನ ಎದುರು ಬರಲು ಹೆದರುತ್ತಿದ್ದ ಅಣ್ಣನಿಗೆ ಒಮ್ಮೆ. ಗಂಡನ ಮನೆಯಿಂದ ಒಬ್ಬಳೇ ಬಂದು, ಏಕೆಂದು ಯಾರಿಗೂ ಹೇಳದೆ ಕೋಣೆಯಲ್ಲಿ ಕೂತಿರುತ್ತಿದ್ದ ಅತ್ತೆಗೆ ಒಮ್ಮೆ. ಅತ್ತೆ ಆ ದಿನ ಕಣ್ಣುಮೂಗಿನಲ್ಲಿ ನೀರು ಸುರಿಸುತ್ತಾ ನಕ್ಕು, ಊಟವಾದ ಮೇಲೆ ಹಿತ್ತಲಿನಲ್ಲಿ ಅಮ್ಮನ ಹತ್ತಿರ ಬಹಳ ಹೊತ್ತು ಮಾತಾಡಿದ್ದಳು. ಅವಳು ಕೇಳಿದ್ದೇನೆಂದು ನಮಗೆ ತಿಳಿಯಲಿಲ್ಲ, ಆದರೆ ಆಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದು ಟೀಚರ್ ಟ್ರೇನಿಂಗ್ ಮುಗಿಸಿದಳು. ಬಾಯಿಬಿಟ್ಟು ಕೇಳಲಾರದವರಿಗೆ ಕೇಳುವ ಹಕ್ಕು ಸಿಗಲೆಂದೇ ಅಮ್ಮ ಮೆಣಸು ಅರೆಯುತ್ತಿದ್ದಳು. ಎದುರು ಕೂರಿಸಿಕೊಂಡು ನಿನ್ನ ಕಷ್ಟವೇನು ಎಂದು ಕೇಳಿದ್ದರೆ ಅತ್ತೆ ಸಾಯುವವರೆಗೂ ಹೇಳುತ್ತಿರಲಿಲ್ಲ. ಸಹನೆ, ತ್ಯಾಗ ಎಂದವರೆಲ್ಲ ಕಾಣದೇ ಹೋದದ್ದು ಇದನ್ನೇ. ಅವಳ ತುಂಟತನ ಮೇಲುಮೇಲಿನ ಸ್ವಭಾವವಾಗಿರಲಿಲ್ಲ, ಜನರನ್ನು ಪ್ರೀತಿಸಲು ಅವಳು ಕಂಡುಕೊಂಡ ದಾರಿಯೇ ಅದಾಗಿತ್ತು.

ಸಿಗಂದೂರಿನಲ್ಲಿ ಚೌಡೇಶ್ವರಿಗೆ ಕೈಮುಗಿದು ಪ್ರಸಾದದ ಊಟ ಮಾಡಿದೆವು. ಮಧ್ಯಾಹ್ನ ಚಿಕ್ಕಮ್ಮ ಹಿನ್ನೀರಿನ ಅಂಚಿಗೆ ಕರೆದುಕೊಂಡು ಹೋಗೆಂದು ಹಟ ಹಿಡಿದರು. ನೀರು ತುಂಬಿತ್ತು, ನೋಡಲು ಏನೂ ಇರಲಿಲ್ಲ. ಆದರೂ ಅವರು ಕೈಯೆತ್ತಿ ತೋರಿಸುತ್ತಲೇ ಇದ್ದರು: ಅಲ್ಲಿ ಶಾಲೆ, ಅಲ್ಲಿ ಬನ, ಅಲ್ಲಿ ನಿಮ್ಮಜ್ಜನ ಮನೆ.

ಅಜ್ಜನ ಮನೆಯನ್ನು ನಾನು ಒಮ್ಮೆ ಹೊಕ್ಕಿದ್ದೇನೆ. ಮಳೆ ಕೈಕೊಟ್ಟ ಒಂದು ವರ್ಷ ಬೇಸಿಗೆಯ ಕೊನೆಗೆ ನೀರು ತಳ ಕಂಡಿತ್ತು. ಅಂಥ ಬೇಸಿಗೆಗಳಲ್ಲಿ ಲಿಂಗನಮಕ್ಕಿಯ ಹೊಟ್ಟೆಯೊಳಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟು, ನಮ್ಮವರು ಮಡೆನೂರು ಡ್ಯಾಂ ಎನ್ನುವುದು, ಮೇಲೆ ಬರುತ್ತದೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಕೊಡಲೆಂದು 1940ರ ದಶಕದಲ್ಲಿ ಕಟ್ಟಿದ ಅಣೆಕಟ್ಟು ಅದು. ದೊಡ್ಡ ಅಣೆಕಟ್ಟು ಬಂದಾಗ ಸಣ್ಣದೂ ಮುಳುಗಿತು. ಅದರ ಸೈಫನ್ನುಗಳ ದುಂಡನೆಯ ಬಾಯಿಗಳು ಇಷ್ಟು ವರ್ಷ ನೀರಿನಲ್ಲಿದ್ದೂ ಗಟ್ಟಿಯಾಗಿವೆ. ಅದನ್ನು ನೋಡಲು ಜನ ಸಾಲುಗಟ್ಟಿ ಬರುತ್ತಾರೆ. ಅಮ್ಮ ಮತ್ತು ಚಿಕ್ಕಮ್ಮ ಅದರತ್ತ ತಿರುಗಿಯೂ ನೋಡದೆ, ಬಿರುಕುಬಿಟ್ಟ ಕೆಸರಿನ ಮೇಲೆ, ಕರಿ ಮೊಳೆಗಳ ಹಾಗೆ ನಿಂತ ಮರದ ಬೊಡ್ಡೆಗಳ ನಡುವೆ, ನನ್ನನ್ನು ಎಳೆದುಕೊಂಡು ನಡೆದಿದ್ದರು. ಗುಡ್ಡದ ಆಕಾರ ನೋಡಿ ದಾರಿ ಹಿಡಿಯುತ್ತಿದ್ದರು. ಕೊನೆಗೆ ಒಂದು ಕಡೆ ಕಲ್ಲಿನ ಪಾಯದ ಸಾಲು ಕಂಡಿತು.

ನಾನು ಅದನ್ನು ದಾಟಿ ಒಳಗೆ ಕಾಲಿಟ್ಟೆ. "ಗೋಡೆ ಮೇಲೆ ನಡೀತೀಯಲ್ಲೇ, ಮರ್ಯಾದೆ ಇಲ್ವಾ? ಬಾಗಿಲಿಂದ ಬಾ" ಎಂದು ಅಮ್ಮ ಗದರಿದಳು. ನನ್ನನ್ನು ಹೊರಗೆ ಕಳಿಸಿ, ಸುತ್ತಿಬಳಸಿ ಅಂಗಳದ ಕಡೆಯಿಂದ ಕರೆತಂದಳು. ಇಲ್ಲದ ಮೆಟ್ಟಿಲ ಕೆಳಗೆ ಚಪ್ಪಲಿ ಬಿಡಿಸಿದಳು. ಇಲ್ಲದ ಬಾಗಿಲನ್ನು ತಟ್ಟಿ, "ಯಾರಿದೀರಿ ಒಳಗೆ?" ಎಂದು ಕೂಗಿದಳು. ಅಷ್ಟರಲ್ಲಿ ಅಡುಗೆಮನೆಯ ಜಾಗಕ್ಕೆ ಹೋಗಿ ನಿಂತಿದ್ದ ಚಿಕ್ಕಮ್ಮ, "ಒಲೆ ಮೇಲೆ ಹಾಲಿಟ್ಟಿದೀನಿ, ನೀವೇ ತೆಕ್ಕೊಂಡು ಬನ್ನಿ" ಎಂದರು. ಎಪ್ಪತ್ತರ ಹತ್ತಿರದ ಇಬ್ಬರು ಹೆಂಗಸರು ಆ ಉರಿಬಿಸಿಲಿನಲ್ಲಿ ಜಗಲಿ, ನಡುಮನೆ, ಬಚ್ಚಲುಗಳಿಗೆಲ್ಲ ಓಡಾಡಿ ಮನೆಯಾಟ ಆಡಿದರು. ಅಮ್ಮ ನನಗೆ ತಲೆಬಾಗಿಸಿ ನಡೆ ಎಂದಳು, ಅಡ್ಡತೊಲೆ ಬಹಳ ತಗ್ಗು ಅಂತೆ. ನಾನು ಬಾಗಿದೆ. ಆಮೇಲೆ ಹಲಸಿನ ಮರ ಹುಡುಕಲು ಹೋದರು. ಎರಡು ಬೊಡ್ಡೆಗಳಲ್ಲಿ ಯಾವುದು ತಮ್ಮದು ಎಂದು ಜಗಳವಾಯಿತು. ಕೊನೆಗೆ ಎರಡಕ್ಕೂ ಒಂದೊಂದು ಕುಂಕುಮದ ಬೊಟ್ಟಿಟ್ಟು ರಾಜಿಯಾದರು. ಅಂದು ಆ ಮರಕ್ಕೆ ಇಷ್ಟು ಉಪಚಾರ ಏಕೆಂದು ನನಗೆ ಗೊತ್ತಿರಲಿಲ್ಲ.

ಊರು ಕಳೆದುಕೊಂಡವರಲ್ಲಿ ಎಷ್ಟೋ ಮಂದಿಗೆ ಕೊಟ್ಟ ಜಮೀನಿನ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಅಮ್ಮ ಅದನ್ನು ಮರೆತು ನಗುತ್ತಿದ್ದವಳಲ್ಲ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುತ್ತಿದ್ದಳು, ಕಚೇರಿಗಳಿಗೆ ಅವರ ಜೊತೆ ಹೋಗಿ ಕೂರುತ್ತಿದ್ದಳು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಾಡಿಗೆಲ್ಲ ಬೆಳಕು ಕೊಟ್ಟವರ ಹೊಸ ಮನೆಗಳಲ್ಲಿ ಬಹುಕಾಲ ಬುಡ್ಡಿದೀಪವೇ ಗತಿಯಾಗಿತ್ತು. ಕರೆಂಟು ಬಂದ ಮೇಲೂ, ಅಜ್ಜನ ಹೊಸ ಮನೆಯಲ್ಲಿ ಅದು ಹೋದಾಗಲೆಲ್ಲ ಅಮ್ಮ ಅಂಗಳಕ್ಕೆ ಬಂದು ಲಿಂಗನಮಕ್ಕಿಯ ದಿಕ್ಕಿಗೆ ತಿರುಗಿ, "ನಮ್ಮನೆ ಅಡುಗೆಮನೆ ಮೇಲಿನ ನೀರು ಒಂಚೂರು ಬಿಡ್ರೋ, ಇಲ್ಲಿ ಅನ್ನ ಬಡಿಸ್ಬೇಕು" ಎಂದು ಕೂಗುತ್ತಿದ್ದಳು. ಅಕ್ಕಪಕ್ಕದ ಕತ್ತಲೆಯಿಂದ ನಗು ಕೇಳುತ್ತಿತ್ತು. ಅವರೆಲ್ಲರೂ ಮುಳುಗಡೆಯವರೇ. ಆ ಕೂಗಿನಲ್ಲಿದ್ದ ಸಿಟ್ಟು ಅವರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಮರುದಿನ ಜೋಗ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸಣ್ಣಗೆ ಇಳಿಯುತ್ತಿದ್ದವು. 253 ಮೀಟರ್ ಆಳಕ್ಕೆ ಬೀಳುವ ನೀರಿನ ಮುಂದೆ ಎಲ್ಲರೂ ಫೋಟೊ ತೆಗೆಯುತ್ತಾರೆ. ಚಿಕ್ಕಮ್ಮನಿಗೆ ಅದರಲ್ಲಿ ಆಸಕ್ತಿಯಿಲ್ಲ. ನಮ್ಮೂರಿನ ಮೇಲೆ ನಿಂತು ಮಿಕ್ಕಿದ್ದು ಇಲ್ಲಿಗೆ ಬರುತ್ತೆ, ಅಷ್ಟೇ ಅಂದರು.

ಬೆಂಚಿನ ಮೇಲೆ ಕೂತು ಅವರು ಅಮ್ಮನ ಕೊನೆಯ ದಿನಗಳ ಬಗ್ಗೆ ಕೇಳಿದರು. ಹೇಳಿದೆ. ಆಸ್ಪತ್ರೆಗೆ ಚೆನ್ನೆಮಣೆ ತರಿಸಿಕೊಂಡಿದ್ದಳು. ರಾತ್ರಿ ಪಾಳಿಯ ನರ್ಸ್ ಹುಡುಗಿಗೆ ಆಟ ಕಲಿಸಿ, ಮುಷ್ಟಿಯಲ್ಲಿ ಹುಣಸೆಬೀಜ ಮುಚ್ಚಿಟ್ಟು ಮೋಸ ಮಾಡುತ್ತಿದ್ದಳು. ಮುಚ್ಚಿಟ್ಟದ್ದನ್ನು ತನ್ನ ಗುಳಿಗೆ ಹಾಕಿಕೊಳ್ಳುತ್ತಿರಲಿಲ್ಲ, ಆ ಹುಡುಗಿಯ ಗುಳಿಗೆ ಜಾರಿಸುತ್ತಿದ್ದಳು. ಊರುಬಿಟ್ಟು ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ ಅದು. ಪ್ರತಿ ರಾತ್ರಿಯೂ ಗೆದ್ದು ಕುಣಿಯುತ್ತಿತ್ತು. ಅಮ್ಮ ಸೋತ ಮುಖ ಮಾಡಿ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದಳು.

"ನನ್ನ ಹತ್ರ ಆಡಿದಾಗ ಬೀಜ ಅವಳ ಗುಳಿಗೇ ಬೀಳ್ತಿತ್ತು" ಎಂದು ಚಿಕ್ಕಮ್ಮ ಈಗಲೂ ಸಿಟ್ಟು ಮಾಡಿಕೊಂಡರು. "ಗೆಳತಿ ಅಲ್ವಾ ನಾನು? ನಂಗೆ ದಯೆ ತೋರ್ಸಿದ್ರೆ ಕೊಂದೇ ಹಾಕ್ತಿದ್ದೆ."

ತಾಳಗುಪ್ಪದಲ್ಲಿ ರೈಲು ಹತ್ತುವ ಮುಂಚೆ ಡಬ್ಬಿಯನ್ನು ನನಗೆ ಕೊಡುತ್ತಾರೇನೋ ಅಂದುಕೊಂಡಿದ್ದೆ. ಕೊಡಲಿಲ್ಲ. ತನ್ನ ಕಾಗದ, ತನ್ನ ಹತ್ತಿರವೇ ಇರುತ್ತೆ, ಬೇಕಾದರೆ ಬಂದು ಓದಿಕೊಂಡು ಹೋಗು ಎಂದರು. ಅದೇ ಸರಿ. ಅಮ್ಮ ನನಗೆ ತಾಯಿಯಾಗುವ ಎಷ್ಟೋ ವರ್ಷ ಮೊದಲೇ ಅವರಿಗೆ ಗೆಳತಿಯಾಗಿದ್ದಳು, ಆ ಪಾಲಿನ ಮೇಲೆ ನನಗೆ ಹಕ್ಕಿಲ್ಲ.

ಓದುವವರಲ್ಲಿ ಒಂದು ಮನವಿ. 1964ರಲ್ಲಿ ಹತ್ತು ಹನ್ನೆರಡು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಅಂಥವರಿದ್ದರೆ ಒಮ್ಮೆ ಆ ಸೇತುವೆಯ ಮೇಲೆ ಕರೆದುಕೊಂಡು ಹೋಗಿ. ನಿಮ್ಮ ಅಮ್ಮ ಈಗಾಗಲೇ ತೀರಿಹೋಗಿದ್ದರೆ ಅವಳ ಗೆಳತಿಯರನ್ನು ಹುಡುಕಿ. ಎಷ್ಟು ಕಷ್ಟಪಟ್ಟಿರಿ ಎಂದು ಎಲ್ಲರೂ ಕೇಳಿರುತ್ತಾರೆ. ನೀವು, ಏನೇನು ಚೇಷ್ಟೆ ಮಾಡಿದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ.